ಮೊದಲ ಕಥೆಯಿಂದ ಮೊದಲ ಸಂಕಲನದವರೆಗೆ: ಹೊಸ ಕಥೆಗಾರರಿಗೆ ಪ್ರಕಟಣೆಯ ಮಾರ್ಗದರ್ಶಿ

ಕನ್ನಡದಲ್ಲಿ ಕಥೆ ಬರೆಯಲು ತೊಡಗಿದ ಅನೇಕರು ಪುಸ್ತಕದಿಂದಲೇ ಆರಂಭಿಸಲು ಹಂಬಲಿಸುತ್ತಾರೆ. ಎಂಟು ಹತ್ತು ಕಥೆಗಳು ಸೇರಿದ ಕೂಡಲೇ ಪ್ರಕಾಶಕರ ವಿಳಾಸ ಹುಡುಕುತ್ತಾರೆ. ಯಾರೂ ಒಪ್ಪದಿದ್ದರೆ ಸ್ವಂತ ಹಣ ಹಾಕಿ ಅಚ್ಚು ಹಾಕಿಸುತ್ತಾರೆ. ಬಿಡುಗಡೆಯ ದಿನ ಬಂಧುಮಿತ್ರರು ಒಂದೊಂದು ಪ್ರತಿ ಕೊಳ್ಳುತ್ತಾರೆ, ಮಿಕ್ಕ ಕಟ್ಟುಗಳು ಮನೆಯ ಅಟ್ಟ ಸೇರುತ್ತವೆ. ಆ ಕಟ್ಟುಗಳನ್ನು ದಿನವೂ ನೋಡುತ್ತ ಮುಂದಿನ ಕಥೆ ಬರೆಯುವ ಉತ್ಸಾಹ ಉಳಿಸಿಕೊಳ್ಳುವುದು ಎಂಥವರಿಗೂ ಕಷ್ಟ. ಆದ್ದರಿಂದ ಇಲ್ಲಿ ನಾನು ಸೂಚಿಸುವ ಕ್ರಮ ಇದಕ್ಕೆ ತಿರುಗುಮುರುಗಾದದ್ದು: ಮೊದಲು ಒಂದು ಕಥೆ, ಆ ಕಥೆಯನ್ನು ನಿಮ್ಮ ಪರಿಚಯವೇ ಇಲ್ಲದ ಸಂಪಾದಕರೊಬ್ಬರು ಓದಿ ಒಪ್ಪಬೇಕು, ನಿಮ್ಮ ಮುಖ ನೋಡಿರದ ಓದುಗರು ಅದನ್ನು ಓದಬೇಕು, ಹಾಗೆ ಓದಿಸಿಕೊಂಡ ಕಥೆಗಳು ಸಾಕಷ್ಟು ಕೂಡಿದ ಮೇಲೆ ಪುಸ್ತಕದ ಮಾತು.

ಇದು ನಿಧಾನದ ದಾರಿ, ನಿಜ. ಆದರೆ ಕನ್ನಡದ ಸಣ್ಣಕಥೆ ಬೆಳೆದದ್ದೇ ಪತ್ರಿಕೆಗಳ ಪುಟಗಳಲ್ಲಿ, ಮತ್ತು ಆ ಬಾಗಿಲು ಇಂದಿಗೂ ಮುಚ್ಚಿಲ್ಲ. ಅಲ್ಲಿಗೆ ಹೋಗಲು ಶಿಫಾರಸು ಬೇಕಿಲ್ಲ, ಹಣ ಬೇಕಿಲ್ಲ, ಬೆಂಗಳೂರಿನಲ್ಲಿ ಮನೆ ಇರಬೇಕಾಗಿಲ್ಲ. ಯಾದಗಿರಿಯ ಹಳ್ಳಿಯಲ್ಲಿ ಕುಳಿತವರಿಗೂ ಕಾಸರಗೋಡಿನವರಿಗೂ ಮುಂಬಯಿಯವರಿಗೂ ಅದು ಸಮಾನವಾಗಿ ತೆರೆದಿದೆ.

ಮೊದಲ ಹೆಜ್ಜೆ: ಮುಗಿಸಿ, ಆರಲು ಬಿಟ್ಟು, ತಿದ್ದುವುದು

ಅರ್ಧಕ್ಕೆ ನಿಂತ ಹತ್ತು ಕಥೆಗಳಿಗಿಂತ ಕೊನೆ ಮುಟ್ಟಿದ ಒಂದು ಕಥೆ ಹೆಚ್ಚು ಕಲಿಸುತ್ತದೆ. ಮೊದಲ ಸಲ ಬರೆಯುವಾಗ ಹಿಂದಿರುಗಿ ನೋಡದೆ ಕೊನೆಯವರೆಗೆ ಬರೆಯಿರಿ. ಆಮೇಲೆ ಎರಡು ಮೂರು ವಾರ ಅದನ್ನು ಮುಟ್ಟಬೇಡಿ. ಮತ್ತೆ ಕೈಗೆತ್ತಿಕೊಂಡಾಗ ಗಟ್ಟಿಯಾಗಿ ಓದಿ. ಕಣ್ಣು ಕ್ಷಮಿಸಿಬಿಡುವ ವಾಕ್ಯವನ್ನು ಕಿವಿ ಕ್ಷಮಿಸುವುದಿಲ್ಲ. ಓದುವಾಗ ಉಸಿರು ಸಿಕ್ಕಿಕೊಳ್ಳುವ ಕಡೆ, ಒಂದೇ ಪದ ಎರಡು ಸಾಲಿನಲ್ಲಿ ಮೂರು ಸಲ ಬರುವ ಕಡೆ ಗುರುತು ಹಾಕುತ್ತ ಹೋಗಿ.

ಹೊಸಬರ ಕಥೆಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ದೋಷವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅದೆಂದರೆ ಕಥೆ ತಡವಾಗಿ ಶುರುವಾಗುವುದು. ಈ ಆರಂಭವನ್ನು ನಾನೇ ಕಟ್ಟಿದ್ದೇನೆ, ಆದರೆ ಇಂಥದ್ದನ್ನು ನೀವೂ ಓದಿರುತ್ತೀರಿ: “ಮುಂಜಾನೆಯ ಸೂರ್ಯ ತನ್ನ ಹೊಂಗಿರಣಗಳನ್ನು ತೋಟದ ಮೇಲೆ ಚೆಲ್ಲುತ್ತಿದ್ದ. ಹಕ್ಕಿಗಳ ಚಿಲಿಪಿಲಿ ಕಿವಿಗೆ ಇಂಪಾಗಿತ್ತು. ಸಾವಿತ್ರಿ ಎದ್ದು, ಮುಖ ತೊಳೆದು, ಕಾಫಿ ಕುಡಿದು, ತನ್ನ ಬಾಲ್ಯದ ದಿನಗಳನ್ನು ನೆನೆಯುತ್ತ ಜಗುಲಿಯಲ್ಲಿ ಕುಳಿತಳು.” ಇದಾದ ಮೇಲೆ ಮೂರು ಪುಟ ಬಾಲ್ಯ ನಡೆಯುತ್ತದೆ. ನಾಲ್ಕನೆಯ ಪುಟದಲ್ಲಿ, ಬಹುತೇಕ ಯಾರೂ ತಲುಪದ ಜಾಗದಲ್ಲಿ, ಹೀಗೊಂದು ಸಾಲು ಸಿಗುತ್ತದೆ: “ಅಡಿಕೆ ಕೊನೆ ಇಳಿಸಲು ಮರ ಹತ್ತಿದ ಮಂಜ ಹೊತ್ತು ಏರಿದರೂ ಕೆಳಗಿಳಿಯಲಿಲ್ಲ. ಕೆಳಗೆ ಹಗ್ಗ ಹಿಡಿದು ನಿಂತಿದ್ದ ಅವನ ಮಗ ಮೂರು ಸಲ ಕೂಗಿ ಸುಮ್ಮನಾದ.”

ಕಥೆ ಇರುವುದು ಇಲ್ಲಿ. ಮೊದಲಿನ ಸೂರ್ಯನನ್ನು ಯಾರ ಕಥೆಯಲ್ಲಿ ಬೇಕಾದರೂ ಇಡಬಹುದು. ಕೂಗಿ ಸುಮ್ಮನಾದ ಆ ಹುಡುಗನನ್ನು ಇಡಬಲ್ಲವರು ಅಡಿಕೆ ತೋಟದಲ್ಲಿ ಕೊನೆ ಕೊಯ್ಲು ನೋಡಿದವರು ಮಾತ್ರ. ಹಾಗಾದರೆ ಮೊದಲ ಮೂರು ಪುಟಗಳನ್ನು ಏನು ಮಾಡಬೇಕು? ತೆಗೆಯಬೇಕು. ಸಾವಿತ್ರಿಯ ಬಾಲ್ಯದಲ್ಲಿ ಕಥೆಗೆ ನಿಜವಾಗಿ ಬೇಕಾದದ್ದು ಏನಿದೆಯೋ ಅದು, ಉದಾಹರಣೆಗೆ ಮಂಜನ ಅಪ್ಪನೂ ಇದೇ ತೋಟದಲ್ಲಿ ಕೆಲಸ ಮಾಡುತ್ತಿದ್ದನೆಂಬ ಸಂಗತಿ, ಮುಂದೆ ಎಲ್ಲಾದರೂ ಒಂದೆರಡು ಸಾಲಿನಲ್ಲಿ ಬಂದರೆ ಸಾಕು. ಪ್ರತಿಯೊಂದು ಕಥೆಯೂ ಅವಘಡದಿಂದಲೇ ತೊಡಗಬೇಕೆಂದು ನಾನು ಹೇಳುತ್ತಿಲ್ಲ. ಸದ್ದಿಲ್ಲದ ಆರಂಭವೂ ಚೆನ್ನಾಗಿರಬಲ್ಲದು. ಆದರೆ ಮೊದಲ ಪುಟದಲ್ಲೇ ನಿಮಗೆ ಮಾತ್ರ ಗೊತ್ತಿರುವ ಏನಾದರೊಂದು ಓದುಗರ ಕೈಗೆ ಸಿಗಬೇಕು.

ಆಡುಮಾತಿನ ಬಗ್ಗೆಯೂ ಹೊಸಬರಿಗೆ ಅಳುಕಿರುತ್ತದೆ. ಧಾರವಾಡದ ಕನ್ನಡವನ್ನೋ ಕುಂದಾಪುರದ ಕನ್ನಡವನ್ನೋ ಸಂಪಾದಕರು ಒಪ್ಪಲಾರರೆಂದು ಭಾವಿಸಿ ಪಾತ್ರಗಳ ಬಾಯಲ್ಲಿ ಪಠ್ಯಪುಸ್ತಕದ ಮಾತು ಆಡಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಸೀಮೆಯ ಮಾತೇ ನಿಮ್ಮ ಬಂಡವಾಳ. ಎಚ್ಚರ ಬೇಕಾದದ್ದು ಒಂದೇ: ಒಬ್ಬ ಪಾತ್ರ ಒಂದು ಪುಟದಲ್ಲಿ “ಹೋಗತೀನಿ” ಎಂದು, ಮರುಪುಟದಲ್ಲಿ “ಹೋಗುತ್ತೇನೆ” ಎನ್ನಬಾರದು.

ತಿದ್ದಿದ ಮೇಲೆ ಒಬ್ಬರಿಗೆ ಓದಲು ಕೊಡಿ. ಅವರು ಸಾಹಿತಿಯೇ ಆಗಬೇಕಿಲ್ಲ, ಕಥೆ ಓದುವ ಅಭ್ಯಾಸವಿದ್ದರೆ ಸಾಕು. “ಹೇಗಿದೆ?” ಎಂದು ಕೇಳಿದರೆ “ಚೆನ್ನಾಗಿದೆ” ಎಂಬ ಉತ್ತರ ಬರುತ್ತದೆ, ಅದರಿಂದ ಯಾವ ಪ್ರಯೋಜನವೂ ಇಲ್ಲ. “ಎಲ್ಲಿ ಬೇಸರ ಬಂತು? ಯಾವ ಜಾಗದಲ್ಲಿ ಅರ್ಥವಾಗದೆ ಹಿಂದಕ್ಕೆ ತಿರುಗಿ ಓದಿದಿರಿ?” ಎಂದು ಕೇಳಿ, ಅವರು ಬೆರಳಿಟ್ಟು ತೋರಿಸಿದ ಕಡೆ ವಾದ ಮಾಡದೆ ಗುರುತು ಹಾಕಿಕೊಳ್ಳಿ.

ಎರಡನೆಯ ಹೆಜ್ಜೆ: ಹಸ್ತಪ್ರತಿಯನ್ನು ಓದುವಂತೆ ಸಿದ್ಧಪಡಿಸುವುದು

ಇಂದು ಬಹುತೇಕ ಪತ್ರಿಕೆಗಳು ಕಥೆಗಳನ್ನು ಇ-ಮೇಲ್‌ನಲ್ಲಿ ಸ್ವೀಕರಿಸುತ್ತವೆ. ಇಲ್ಲಿ ಕನ್ನಡಕ್ಕೇ ವಿಶಿಷ್ಟವಾದ ಒಂದು ತೊಡಕಿದೆ. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಕಡತ ಅದೇ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದು ಎಲ್ಲೆಡೆಯೂ ಕನ್ನಡವಾಗಿಯೇ ತೆರೆದುಕೊಳ್ಳುತ್ತದೆ. ನಿಮ್ಮ ಕಡತ ಯಾವ ಬಗೆಯದೆಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ: ಅದರಿಂದ ಒಂದು ಸಾಲನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಕನ್ನಡ ಕಾಣಿಸಿದರೆ ಯೂನಿಕೋಡ್. ಅಸಂಬದ್ಧ ಅಕ್ಷರಗಳು ಕಾಣಿಸಿದರೆ ಪರಿವರ್ತಕ ತಂತ್ರಾಂಶದಿಂದ ಬದಲಾಯಿಸಿಕೊಳ್ಳಬೇಕು. ಹಾಗೆ ಬದಲಾಯಿಸಿದ ಮೇಲೆ ಇಡೀ ಕಥೆಯನ್ನು ಇನ್ನೊಮ್ಮೆ ಓದುವುದು ಕಡ್ಡಾಯ, ಏಕೆಂದರೆ ಅರ್ಕಾವತ್ತು ಮತ್ತು ಒತ್ತಕ್ಷರಗಳು ಜಾಗ ತಪ್ಪುವುದು ಈ ಹಂತದಲ್ಲಿಯೇ.

ಮೊಬೈಲಿಗೆ ಮಾತನಾಡಿ ಟೈಪ್ ಮಾಡಿಸುವವರು ಇನ್ನೂ ಹೆಚ್ಚಿನ ಎಚ್ಚರ ವಹಿಸಬೇಕು. ಅಕಾರ ಹಕಾರಗಳು, ಲಕಾರ ಳಕಾರಗಳು, ಅಲ್ಪಪ್ರಾಣ ಮಹಾಪ್ರಾಣಗಳು ಅದಲುಬದಲಾಗುವುದು ಅಲ್ಲಿ ಸಾಮಾನ್ಯ. ಸಂದೇಹ ಬಂದ ಪದಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಕಾಗುಣಿತದ ತಪ್ಪಿನಿಂದಲೇ ಒಳ್ಳೆಯ ಕಥೆಯೊಂದು ತಿರಸ್ಕೃತವಾಗುತ್ತದೆ ಎನ್ನಲಾರೆ, ಆದರೆ ಮೊದಲ ಪುಟದಲ್ಲೇ ಐದಾರು ತಪ್ಪು ಕಂಡ ಸಂಪಾದಕರು ಉಳಿದ ಪುಟಗಳನ್ನು ನಂಬಿಕೆಯಿಲ್ಲದೆ ಓದುತ್ತಾರೆ.

ಉಳಿದದ್ದು ಸರಳ. ಸಾದಾ ಅಕ್ಷರಶೈಲಿ, ಸಾಲುಗಳ ನಡುವೆ ಸಾಕಷ್ಟು ಅಂತರ, ಪುಟಸಂಖ್ಯೆ, ಕೊನೆಯಲ್ಲಿ ನಿಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆ. ಕಡತಕ್ಕೆ “ಕಥೆ” ಎಂದಷ್ಟೇ ಹೆಸರಿಡದೆ ಕಥೆಯ ಶೀರ್ಷಿಕೆಯನ್ನೂ ನಿಮ್ಮ ಹೆಸರನ್ನೂ ಸೇರಿಸಿ. ಸಂಪಾದಕರ ಕಂಪ್ಯೂಟರಿನಲ್ಲಿ “ಕಥೆ” ಎಂಬ ಹೆಸರಿನ ಕಡತಗಳು ಬೇಕಾದಷ್ಟಿರುತ್ತವೆ. ವರ್ಡ್ ಕಡತದ ಜೊತೆಗೆ ಪಿ.ಡಿ.ಎಫ್. ಪ್ರತಿಯನ್ನೂ ಲಗತ್ತಿಸಿ. ಕೈಬರಹದ ಪುಟಗಳ ಫೋಟೊ ತೆಗೆದು ಕಳಿಸಬೇಡಿ. ಟೈಪ್ ಮಾಡಲು ಆಗದವರು, ಆ ಪತ್ರಿಕೆ ಅಂಚೆಯ ಮೂಲಕ ಸ್ವೀಕರಿಸುವುದಾದರೆ, ಹಾಳೆಯ ಒಂದೇ ಮಗ್ಗುಲಲ್ಲಿ ಅಂಚು ಬಿಟ್ಟು ಬಿಡಿಸಿ ಬರೆದು ಕಳಿಸಬಹುದು. ಜೆರಾಕ್ಸ್ ಪ್ರತಿ ನಿಮ್ಮಲ್ಲಿರಲಿ.

ಮೂರನೆಯ ಹೆಜ್ಜೆ: ಯಾವ ಪತ್ರಿಕೆಗೆ ಯಾವ ಕಥೆ

ಸುಧಾ, ಮಯೂರ, ತರಂಗ, ತುಷಾರ, ಕಸ್ತೂರಿ, ಕರ್ಮವೀರ ಮುಂತಾದ ಪತ್ರಿಕೆಗಳು ದಶಕಗಳ ಕಾಲ ಕನ್ನಡದ ಸಣ್ಣಕಥೆಗೆ ಜಾಗ ಕೊಟ್ಟಿವೆ. ದಿನಪತ್ರಿಕೆಗಳ ಭಾನುವಾರದ ಪುರವಣಿಗಳೂ ಕಥೆ ಪ್ರಕಟಿಸುತ್ತವೆ. ಜಾಲತಾಣಗಳಲ್ಲಿ ಕೆಂಡಸಂಪಿಗೆ, ಅವಧಿಯಂಥವು ಹೊಸಬರ ಬರಹಗಳಿಗೆ ತೆರೆದುಕೊಂಡಿವೆ. ಇವುಗಳಲ್ಲಿ ಪ್ರತಿಯೊಂದರ ಜಾಗವೂ ಬೇರೆ, ಅಭಿರುಚಿಯೂ ಬೇರೆ. ಪುರವಣಿಯ ಒಂದು ಪುಟದಲ್ಲಿ ಚಿತ್ರವೂ ಸೇರಿ ಸಾಮಾನ್ಯವಾಗಿ ಒಂದೂವರೆ ಎರಡು ಸಾವಿರ ಪದಗಳ ಕಥೆ ಹಿಡಿಯುತ್ತದೆ. ನಾಲ್ಕು ಸಾವಿರ ಪದಗಳ ಕಥೆ ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಕೂರುವುದಿಲ್ಲ. ಅಂಥದ್ದಕ್ಕೆ ಮಾಸಪತ್ರಿಕೆಯೇ ಸರಿ. ಕಳಿಸುವ ಮೊದಲು ಆ ಪತ್ರಿಕೆಯ ಮೂರು ನಾಲ್ಕು ಸಂಚಿಕೆಗಳನ್ನಾದರೂ ಓದಬೇಕು. ಕೊಳ್ಳಲಾಗದಿದ್ದರೆ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ಇ-ಮೇಲ್ ವಿಳಾಸವನ್ನೂ ನಿಯಮಗಳನ್ನೂ ಹೊಸ ಸಂಚಿಕೆಯಿಂದಲೇ ಬರೆದುಕೊಳ್ಳಿ, ಯಾರೋ ಹಂಚಿದ ಹಳೆಯ ಪಟ್ಟಿಯನ್ನು ನಂಬಬೇಡಿ.

ಕಥಾಸ್ಪರ್ಧೆಗಳು ಇನ್ನೊಂದು ಬಾಗಿಲು. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ ಹಲವು ತಲೆಮಾರಿನ ಕಥೆಗಾರರನ್ನು ಮೊದಲ ಬಾರಿಗೆ ನಾಡಿಗೆ ಪರಿಚಯಿಸಿದೆ. ಇತ್ತೀಚಿನ ವರ್ಷಗಳಲ್ಲಿ ಬುಕ್ ಬ್ರಹ್ಮ ಎಂಬ ಸಾಹಿತ್ಯ ಜಾಲತಾಣದ ಸ್ವಾತಂತ್ರ್ಯೋತ್ಸವ ಕಥಾಸ್ಪರ್ಧೆಯೂ ದೊಡ್ಡ ಸಂಖ್ಯೆಯ ಹೊಸಬರನ್ನು ಸೆಳೆಯುತ್ತಿದೆ. ಸ್ಪರ್ಧೆಯ ಪ್ರಕಟಣೆ ಹಬ್ಬಕ್ಕೆ ತಿಂಗಳುಗಳ ಮುಂಚೆಯೇ ಬರುವುದರಿಂದ, ಪ್ರಕಟಣೆ ನೋಡಿದ ಮೇಲೆ ಕಥೆ ಬರೆಯಲು ಕೂರುವ ಬದಲು ಆರಿದ, ತಿದ್ದಿದ ಕಥೆಯೊಂದು ನಿಮ್ಮ ಬಳಿ ಸಿದ್ಧವಿರುವಂತೆ ನೋಡಿಕೊಳ್ಳಿ. ನಿಯಮಗಳನ್ನು ಅಕ್ಷರಶಃ ಪಾಲಿಸಬೇಕು. ಕಥೆಯ ಪುಟಗಳಲ್ಲಿ ಹೆಸರಿರಬಾರದೆಂದು ಹೇಳಿದ್ದರೆ ಇರಬಾರದು, ಪದಮಿತಿ ಹೇಳಿದ್ದರೆ ಮೀರಬಾರದು. ಫೇಸ್‌ಬುಕ್ಕಿನಲ್ಲಿಯೋ ಪ್ರತಿಲಿಪಿ ಎಂಬ ಕಥೆಗಳ ಜಾಲತಾಣದಲ್ಲಿಯೋ ಹಾಕಿದ ಕಥೆಯನ್ನು “ಈಗಾಗಲೇ ಪ್ರಕಟಿತ” ಎಂದು ಪರಿಗಣಿಸುವ ಸ್ಪರ್ಧೆಗಳೂ ಪತ್ರಿಕೆಗಳೂ ಬಹಳ. ಮೆಚ್ಚುಗೆಯ ಆಸೆಗೆ ನಿಮ್ಮ ಅತ್ಯುತ್ತಮ ಕಥೆಯನ್ನು ಅಲ್ಲಿ ಮೊದಲೇ ಹಾಕಿಬಿಟ್ಟರೆ ಮುಂದಿನ ಬಾಗಿಲುಗಳು ಅದಕ್ಕೆ ಮುಚ್ಚಿಹೋಗುತ್ತವೆ.

ನಾಲ್ಕನೆಯ ಹೆಜ್ಜೆ: ಕಳಿಸುವುದು, ಕಾಯುವುದು, ಮತ್ತೆ ಕಳಿಸುವುದು

ಕಥೆಯ ಜೊತೆಗಿನ ಪತ್ರ ಚಿಕ್ಕದಾಗಿರಲಿ. ಕಥೆಯ ಸಾರಾಂಶ, ಅದರ ಸಂದೇಶ, ಅದನ್ನು ಬರೆಯುವಾಗ ನೀವು ಪಟ್ಟ ಕಷ್ಟ ಇವೆಲ್ಲ ಬೇಡ. ಮಾದರಿ ಹೀಗಿರಬಹುದು: “ಮಾನ್ಯ ಸಂಪಾದಕರಿಗೆ, ನಮಸ್ಕಾರಗಳು. ‘ಹಗ್ಗ’ ಎಂಬ ನನ್ನ ಸ್ವತಂತ್ರ ಸಣ್ಣಕಥೆಯನ್ನು ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಲು ಪರಿಶೀಲಿಸಬೇಕೆಂದು ಕೋರಿ ಕಳುಹಿಸುತ್ತಿದ್ದೇನೆ. ಸುಮಾರು 1,800 ಪದಗಳಿವೆ. ಇದು ಮುದ್ರಣದಲ್ಲಾಗಲಿ ಜಾಲತಾಣದಲ್ಲಾಗಲಿ ಎಲ್ಲಿಯೂ ಪ್ರಕಟವಾಗಿಲ್ಲ, ಬೇರೆ ಪತ್ರಿಕೆಗೂ ಕಳುಹಿಸಿಲ್ಲ. ನಾನು ಸಾಗರ ತಾಲ್ಲೂಕಿನವಳು, ಪ್ರಾಥಮಿಕ ಶಾಲೆಯ ಶಿಕ್ಷಕಿ. ವಂದನೆಗಳೊಂದಿಗೆ.” ಇದಕ್ಕಿಂತ ಒಂದು ಸಾಲೂ ಹೆಚ್ಚು ಬೇಕಿಲ್ಲ.

ಒಂದು ಕಥೆಯನ್ನು ಒಂದು ಕಾಲಕ್ಕೆ ಒಂದೇ ಪತ್ರಿಕೆಗೆ ಕಳಿಸುವುದು ಕನ್ನಡದಲ್ಲಿ ನಡೆದುಬಂದ ಶಿಸ್ತು. ಒಂದೇ ಕಥೆ ಎರಡು ಕಡೆ ಅಚ್ಚಾದರೆ ಎರಡೂ ಪತ್ರಿಕೆಗಳ ವಿಶ್ವಾಸ ಕಳೆದುಕೊಳ್ಳಬೇಕಾಗುತ್ತದೆ. ಹಾಗೆಂದು ಅನಂತಕಾಲ ಕಾಯಬೇಕಾಗಿಲ್ಲ. ಪತ್ರಿಕೆಯೇ ಅವಧಿ ಹೇಳಿದ್ದರೆ ಅಲ್ಲಿಯವರೆಗೆ, ಹೇಳಿರದಿದ್ದರೆ ಮೂರು ತಿಂಗಳು ಕಾದು, ವಿನಯದಿಂದ ಒಂದು ವಿಚಾರಣೆಯ ಪತ್ರ ಬರೆಯಿರಿ. ಅದಕ್ಕೂ ಉತ್ತರವಿಲ್ಲದಿದ್ದರೆ “ಕಥೆಯನ್ನು ಹಿಂಪಡೆಯುತ್ತಿದ್ದೇನೆ” ಎಂದು ತಿಳಿಸಿ ಬೇರೆಡೆಗೆ ಕಳಿಸಿ. ಇದಕ್ಕಾಗಿ ಒಂದು ನೋಟುಪುಸ್ತಕ ಇಡಿ: ಕಥೆಯ ಹೆಸರು, ಕಳಿಸಿದ ಪತ್ರಿಕೆ, ತಾರೀಖು, ಬಂದ ಉತ್ತರ. ಸಂಪಾದಕರಿಗೆ ಫೋನ್ ಮಾಡಿ “ನನ್ನ ಕಥೆ ಏನಾಯಿತು?” ಎಂದು ಕೇಳುವುದರಿಂದ ಕಥೆ ಬೇಗ ಓದಿಸಿಕೊಳ್ಳುವುದಿಲ್ಲ.

ತಿರಸ್ಕಾರದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಬಹುಮಂದಿ ಬರೆಯುವುದನ್ನು ಬಿಡುವುದು ಇಲ್ಲಿಯೇ. ಕನ್ನಡದ ಪತ್ರಿಕೆಗಳಲ್ಲಿ ತಿರಸ್ಕಾರ ಹೆಚ್ಚಾಗಿ ಮೌನದ ರೂಪದಲ್ಲಿ ಬರುತ್ತದೆ, ಮತ್ತು ಮೌನಕ್ಕೆ ಮನಸ್ಸು ತನಗೆ ತೋಚಿದ ಅರ್ಥಗಳನ್ನು ಹಚ್ಚುತ್ತ ಹೋಗುತ್ತದೆ. ನಿಜವಾದ ಕಾರಣ ತೀರ ಸಾಮಾನ್ಯವಾದದ್ದಿರಬಹುದು: ಇದೇ ವಸ್ತುವಿನ ಕಥೆ ಎರಡು ವಾರದ ಹಿಂದೆ ಬಂದಿರಬಹುದು, ವಿಶೇಷಾಂಕದ ಕೆಲಸದಲ್ಲಿ ಯಾರೂ ಓದಿರದೆ ಇರಬಹುದು, ಜಾಹೀರಾತು ಹೆಚ್ಚಾಗಿ ಕಥೆಯ ಪುಟವೇ ಇಲ್ಲವಾಗಿರಬಹುದು. ಅಥವಾ ಕಥೆ ಇನ್ನೂ ಮಾಗಿಲ್ಲದೆಯೂ ಇರಬಹುದು. ಹಿಂದಿರುಗಿದ ಕಥೆಯನ್ನು ಒಮ್ಮೆ ತಣ್ಣಗೆ ಓದಿ. ತಿದ್ದುವುದು ಕಂಡರೆ ತಿದ್ದಿ, ಕಾಣದಿದ್ದರೆ ಹಾಗೆಯೇ ಮುಂದಿನ ಪತ್ರಿಕೆಗೆ ಕಳಿಸಿ. ಮೂರು ನಾಲ್ಕು ಕಡೆಯಿಂದ ಹಿಂದಿರುಗಿದ ಕಥೆಯನ್ನು ಒಂದು ವರ್ಷ ಪಕ್ಕಕ್ಕಿಟ್ಟು ನೋಡಿ. ಈ ಇಡೀ ಅವಧಿಯಲ್ಲಿ ಬೇರೊಂದು ಕಥೆ ನಿಮ್ಮ ಕೈಯಲ್ಲಿ ನಡೆಯುತ್ತಿರಲಿ. ಒಂದೇ ಕಥೆಯ ಮೇಲೆ ಆಸೆಯೆಲ್ಲವನ್ನೂ ಇಟ್ಟವರು ಅದರ ಮೌನಕ್ಕೆ ಕುಸಿಯುತ್ತಾರೆ. ಮುಂದಿನ ಕಥೆಯಲ್ಲಿ ಮುಳುಗಿರುವವರಿಗೆ ಆ ಮೌನ ಅಷ್ಟಾಗಿ ತಾಗುವುದಿಲ್ಲ.

ಒಂದೆರಡು ಸಾಲಿನ ಟಿಪ್ಪಣಿಯೊಡನೆ ಕಥೆ ಹಿಂದಿರುಗಿದರೆ ಅದನ್ನು ಅವಮಾನವೆಂದು ತಿಳಿಯಬೇಡಿ. ಸಂಪಾದಕರು ಎಲ್ಲರಿಗೂ ಟಿಪ್ಪಣಿ ಬರೆಯುವುದಿಲ್ಲ. ಬರೆದಿದ್ದಾರೆಂದರೆ ನಿಮ್ಮ ಇನ್ನೊಂದು ಕಥೆ ಓದಲು ಅವರಿಗೆ ಮನಸ್ಸಿದೆ.

ಪ್ರಕಟವಾದರೆ ಸಂಚಿಕೆಯ ಎರಡು ಪ್ರತಿ ತೆಗೆದಿಡಿ. ಗೌರವಧನ ಕೊಡುವ ಪತ್ರಿಕೆಯಾದರೆ ಕೇಳಿದ ಬ್ಯಾಂಕ್ ವಿವರ ಕಳಿಸಿ. ಮೊತ್ತ ಚಿಕ್ಕದಿರುತ್ತದೆ, ಆದರೂ ಅದು ನಿಮ್ಮ ದುಡಿಮೆಯದು. ಕೇಳಲು ಸಂಕೋಚ ಬೇಡ.

ಐದನೆಯ ಹೆಜ್ಜೆ: ಸಂಕಲನ ಮತ್ತು ಪ್ರಕಾಶಕರು

ಹತ್ತು ಹನ್ನೆರಡು ಒಳ್ಳೆಯ ಕಥೆಗಳು, ಅವುಗಳಲ್ಲಿ ಅರ್ಧದಷ್ಟಾದರೂ ಪತ್ರಿಕೆಗಳಲ್ಲಿ ಬಂದವು, ಕೂಡಿದಾಗ ಸಂಕಲನದ ಯೋಚನೆ ಮಾಡಬಹುದು. ಬರೆದದ್ದೆಲ್ಲವನ್ನೂ ಸೇರಿಸಬೇಡಿ. ದುರ್ಬಲವಾದ ಎರಡು ಕಥೆಗಳು ಬಲವಾದ ಎಂಟನ್ನು ಕೆಳಗೆಳೆಯುತ್ತವೆ. ಪುಸ್ತಕದ ಪುಟಗಳು ಸಾಮಾನ್ಯವಾಗಿ 16 ಪುಟಗಳ ಫಾರಂಗಳ ಲೆಕ್ಕದಲ್ಲಿ ಅಚ್ಚಾಗುವುದರಿಂದ 128, 144 ಅಥವಾ 160 ಪುಟಗಳ ಅಂದಾಜಿನಲ್ಲಿ ಹಸ್ತಪ್ರತಿ ಹೊಂದಿಸಿದರೆ ಪ್ರಕಾಶಕರಿಗೂ ಅನುಕೂಲ.

ಪ್ರಕಾಶಕರನ್ನು ಆರಿಸುವಾಗ ಅವರು ಈವರೆಗೆ ಏನು ಪ್ರಕಟಿಸಿದ್ದಾರೆಂಬುದೇ ಮುಖ್ಯ. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದಲೂ, ಹೆಗ್ಗೋಡಿನ ಅಕ್ಷರ ಪ್ರಕಾಶನ ದಶಕಗಳಿಂದಲೂ ತಮ್ಮದೇ ಅಭಿರುಚಿಯ ಪುಸ್ತಕಗಳನ್ನು ತಂದಿವೆ. ನವಕರ್ನಾಟಕ, ಅಂಕಿತ, ಸಪ್ನ, ಅಭಿನವ, ಅಹರ್ನಿಶಿ ಇವುಗಳ ಪಟ್ಟಿಗಳು ಒಂದಕ್ಕಿಂತ ಒಂದು ಭಿನ್ನ. ಛಂದ ಪುಸ್ತಕ ಎಂಬ ಪ್ರಕಾಶನ ಸಂಸ್ಥೆ ಇನ್ನೂ ಕಥಾಸಂಕಲನ ಪ್ರಕಟಿಸದ ಲೇಖಕರಿಂದ ಹಸ್ತಪ್ರತಿ ಆಹ್ವಾನಿಸಿ, ಆಯ್ಕೆಯಾದದ್ದಕ್ಕೆ ಬಹುಮಾನ ಕೊಟ್ಟು ಪ್ರಕಟಿಸುವ ಕೆಲಸವನ್ನು ಹಲವು ವರ್ಷ ಮಾಡಿಕೊಂಡು ಬಂದಿದೆ. ಚೊಚ್ಚಲ ಸಂಕಲನಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶ ಕನ್ನಡದಲ್ಲಿ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಸರ್ಕಾರದ ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುವ ಯೋಜನೆಯನ್ನು ನಡೆಸುತ್ತದೆ. ಅರ್ಜಿ ಆಹ್ವಾನಿಸಿದಾಗ ವಯಸ್ಸಿನ ಮಿತಿ, ಕೊನೆಯ ದಿನಾಂಕ, ಹಸ್ತಪ್ರತಿ ಸಲ್ಲಿಸುವ ಕ್ರಮ ಇವನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿರುವ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಲೂಬಹುದು.

ಹಿರಿಯ ಸಾಹಿತಿಯೊಬ್ಬರ ಮುನ್ನುಡಿ ಇಲ್ಲದೆ ಪುಸ್ತಕ ನಿಲ್ಲುವುದಿಲ್ಲವೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಮುನ್ನುಡಿಗಾಗಿ ಆರೆಂಟು ತಿಂಗಳು ಅಲೆದು, ಕೊನೆಗೆ ಎಲ್ಲ ಕಥೆಗಳ ಸಾರಾಂಶ ಹೇಳುವ ಆರು ಪುಟ ಪಡೆದು ಪುಸ್ತಕದ ಮುಂದಿಡುವುದರಿಂದ ಓದುಗರಿಗೆ ತೊಂದರೆಯೇ ಹೆಚ್ಚು. ಬೆನ್ನುಡಿಯ ನಾಲ್ಕು ಸಾಲು ಸಾಕು. ಮುನ್ನುಡಿ ಇಲ್ಲದ ಸಂಕಲನವನ್ನು ಓದುಗರು ನೇರವಾಗಿ ಕಥೆಯಿಂದಲೇ ತೊಡಗುತ್ತಾರೆ, ಅದು ಕಥೆಗಾರರಿಗೆ ಲಾಭ.

ಹಣದ ವಿಷಯದಲ್ಲಿ ಮೂರು ಬಗೆಯ ವ್ಯವಸ್ಥೆಗಳು ಚಾಲ್ತಿಯಲ್ಲಿವೆ. ಪ್ರಕಾಶಕರೇ ಪೂರ್ತಿ ವೆಚ್ಚ ಭರಿಸುವುದು; ಲೇಖಕರು ಇಂತಿಷ್ಟು ಪ್ರತಿಗಳನ್ನು ಕೊಳ್ಳುವುದಾಗಿ ಒಪ್ಪುವುದು; ಪೂರ್ತಿ ವೆಚ್ಚ ಲೇಖಕರದೇ ಆಗಿ ಪ್ರಕಾಶನದ ಹೆಸರು ಮಾತ್ರ ಪ್ರಕಾಶಕರದಾಗಿರುವುದು. ಮೂರನೆಯದಕ್ಕೆ ಒಪ್ಪುವ ಮೊದಲು ಕೇಳಿ: ಎಷ್ಟು ಪ್ರತಿ ಅಚ್ಚಾಗುತ್ತದೆ, ಅವು ಯಾರ ಬಳಿ ಇರುತ್ತವೆ, ಯಾವ ಅಂಗಡಿಗಳಿಗೆ ಹೋಗುತ್ತವೆ, ಮಾರಾಟದ ಲೆಕ್ಕ ಯಾವಾಗ ಕೊಡುತ್ತೀರಿ? ಈ ಪ್ರಶ್ನೆಗಳಿಗೆ ನೇರ ಉತ್ತರ ಸಿಗದಿದ್ದರೆ ಆ ಹಣದಲ್ಲಿ ನೀವೇ ಅಚ್ಚು ಹಾಕಿಸುವುದು ಮೇಲು. ಸ್ವಂತ ಪ್ರಕಟಣೆಯಲ್ಲಿ ಕೀಳರಿಮೆ ಪಡುವಂಥದ್ದು ಏನೂ ಇಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿ ಕನ್ನಡಕ್ಕೆ ಓದುಗರನ್ನು ಸಂಪಾದಿಸಿಕೊಟ್ಟವರು. ಆದರೆ ಅವರು ಮಾಡಿದ ಆ ಎರಡನೆಯ ಕೆಲಸಕ್ಕೆ, ಅಂದರೆ ಮಾರಾಟಕ್ಕೆ, ನೀವು ಸಿದ್ಧರಿದ್ದೀರಾ ಎಂದು ಮೊದಲೇ ಕೇಳಿಕೊಳ್ಳಬೇಕು. ಸ್ವಂತವಾಗಿ ಪ್ರಕಟಿಸುವವರು ಪುಸ್ತಕವನ್ನು ಗುರುತಿಸುವ ಐ.ಎಸ್.ಬಿ.ಎನ್. ಸಂಖ್ಯೆಗೆ ಯಾರಿಗೂ ಹಣ ಕೊಡಬೇಕಾಗಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿರುವ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಆ 13 ಅಂಕಿಗಳ ಸಂಖ್ಯೆಯನ್ನು ಆನ್‌ಲೈನ್ ಅರ್ಜಿಯ ಮೇಲೆ ಉಚಿತವಾಗಿ ಕೊಡುತ್ತದೆ.

ಆರನೆಯ ಹೆಜ್ಜೆ: ಒಪ್ಪಂದವನ್ನು ಓದಿ ಸಹಿ ಹಾಕುವುದು

ಕನ್ನಡದಲ್ಲಿ ಎಷ್ಟೋ ಪುಸ್ತಕಗಳು ಬಾಯಿಮಾತಿನ ಮೇಲೆ ಅಚ್ಚಾಗುತ್ತವೆ. ವಿಶ್ವಾಸ ಒಳ್ಳೆಯದೇ, ಆದರೆ ಒಂದು ಪುಟದ ಕಾಗದವಿದ್ದರೆ ಆ ವಿಶ್ವಾಸ ಹೆಚ್ಚು ಕಾಲ ಉಳಿಯುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿ ರಚನೆಯಾದ ಕ್ಷಣದಿಂದಲೇ ಹಕ್ಕು ಲೇಖಕರದು, ಅದಕ್ಕಾಗಿ ನೋಂದಣಿ ಕಡ್ಡಾಯವಲ್ಲ. ಆ ಹಕ್ಕು ಲೇಖಕರ ಜೀವಿತಕಾಲ ಮತ್ತು ಆನಂತರ 60 ವರ್ಷ ಇರುತ್ತದೆ. ಹಕ್ಕನ್ನು ಬೇರೆಯವರಿಗೆ ವಹಿಸಿಕೊಡಬೇಕಾದರೆ ಅದು ಬರಹದಲ್ಲಿ, ನಿಮ್ಮ ಸಹಿಯೊಡನೆ ಇರಬೇಕೆಂದು ಅದೇ ಕಾಯ್ದೆಯ 19ನೆಯ ಕಲಂ ಹೇಳುತ್ತದೆ. ಅವಧಿ ನಮೂದಿಸದಿದ್ದರೆ 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕಷ್ಟೇ ಸೀಮಿತವೆಂದೂ ತಿಳಿಯಲಾಗುತ್ತದೆ. ವಹಿಸಿಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದ ಪಕ್ಷದಲ್ಲಿ, ಅದು ನಿಮಗೆ ಮರಳುತ್ತದೆ.

ಹಾಗಾಗಿ ಒಪ್ಪಂದದಲ್ಲಿ “ಎಲ್ಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರವು” ಎಂಬ ಸಾಲಿದ್ದರೆ ತೆಗೆಸಿ. ಮುದ್ರಿತ ಪುಸ್ತಕದ ಹಕ್ಕನ್ನು ನಿರ್ದಿಷ್ಟ ಅವಧಿಗೆ ಅಥವಾ ನಿರ್ದಿಷ್ಟ ಮುದ್ರಣಕ್ಕೆ ಕೊಟ್ಟು, ಇ-ಪುಸ್ತಕ, ಕೇಳುಪುಸ್ತಕ, ಅನುವಾದ, ನಾಟಕ, ಚಲನಚಿತ್ರ ಇವುಗಳ ಹಕ್ಕನ್ನು ಬೇರೆಯಾಗಿ ಹೆಸರಿಸಿ ನಿಮ್ಮಲ್ಲೇ ಉಳಿಸಿಕೊಳ್ಳಿ. ಸಣ್ಣಕಥೆ ಕಿರುಚಿತ್ರವಾಗುವುದು, ಬೇರೆ ಭಾಷೆಗೆ ಹೋಗುವುದು ಇಂದು ಅಪರೂಪವಲ್ಲ. ರಾಯಧನದ, ಅಂದರೆ ರಾಯಲ್ಟಿಯ, ಲೆಕ್ಕವನ್ನೂ ಅರ್ಥಮಾಡಿಕೊಳ್ಳಿ: 200 ರೂಪಾಯಿ ಮುಖಬೆಲೆಯ ಪುಸ್ತಕಕ್ಕೆ ಶೇ. 10ರ ರಾಯಧನವೆಂದರೆ ಪ್ರತಿಯೊಂದಕ್ಕೆ 20 ರೂಪಾಯಿ. 500 ಪ್ರತಿಗಳೂ ಮಾರಾಟವಾದರೆ 10,000 ರೂಪಾಯಿ. ಪುಸ್ತಕದ ಅಂಗಡಿಗಳಿಗೆ ಮುಖಬೆಲೆಯಲ್ಲಿ ದೊಡ್ಡ ಪಾಲು ರಿಯಾಯಿತಿಯಾಗಿ ಹೋಗುವುದರಿಂದ ಸಣ್ಣ ಪ್ರಕಾಶಕರ ಕೈಗೆ ಉಳಿಯುವುದೂ ಕಡಿಮೆಯೇ. ಕೆಲವರು ರಾಯಧನವನ್ನು ಪುಸ್ತಕದ ಪ್ರತಿಗಳ ರೂಪದಲ್ಲಿ ಕೊಡುತ್ತಾರೆ. ಒಪ್ಪುವುದು ಬಿಡುವುದು ನಿಮ್ಮ ಇಷ್ಟ, ಆದರೆ ಅದು ಕಾಗದದಲ್ಲಿ ಬರೆದಿರಲಿ.

ಏಳನೆಯ ಹೆಜ್ಜೆ: ಕರಡು ತಿದ್ದುವುದು

ಪುಟವಿನ್ಯಾಸವಾಗಿ ಬಂದ ಕರಡನ್ನು ಪರದೆಯ ಮೇಲೆ ಓದಬೇಡಿ, ಕಾಗದದ ಮೇಲೆ ಮುದ್ರಿಸಿಕೊಂಡು ಕೆಂಪು ಪೆನ್ನಿನಿಂದ ತಿದ್ದಿ. ಅಚ್ಚಿನ ಕೆಲಸಕ್ಕೆ ಹಳೆಯ ಅಕ್ಷರಶೈಲಿಗಳನ್ನೇ ಬಳಸುವ ಡಿ.ಟಿ.ಪಿ. ಕೇಂದ್ರಗಳು ಈಗಲೂ ಇವೆ. ಅಲ್ಲಿ ನಿಮ್ಮ ಯೂನಿಕೋಡ್ ಬರಹ ಹಿಂದಕ್ಕೆ ಪರಿವರ್ತನೆಯಾಗುವಾಗ ಎರಡನೆಯ ಸಲ ಒತ್ತಕ್ಷರಗಳು ಕೆಡಬಹುದು. ಸಾಲಿನ ಕೊನೆಯಲ್ಲಿ ಪದ ತಪ್ಪು ಜಾಗದಲ್ಲಿ ಮುರಿದಿದೆಯೇ, ಸಂಭಾಷಣೆಯ ಉದ್ಧರಣ ಚಿಹ್ನೆಗಳು ಮುಚ್ಚಿವೆಯೇ, ಮೂರನೆಯ ಪುಟದ ನಾಗವೇಣಿ ಒಂಬತ್ತನೆಯ ಪುಟದಲ್ಲಿ ನಾಗರತ್ನ ಆಗಿದ್ದಾಳೆಯೇ, ಎಲ್ಲವನ್ನೂ ನೋಡಬೇಕು. ಕಥೆಗಳನ್ನು ಬರೆದವರ ಕಣ್ಣು ತಪ್ಪನ್ನು ತಾನೇ ತಿದ್ದಿಕೊಂಡು ಓದಿಬಿಡುವುದರಿಂದ ಇನ್ನೊಬ್ಬರಿಂದಲೂ ಓದಿಸಿ. ಅವರಿಗೆ ಸಂಭಾವನೆ ಕೊಡುವುದು ನ್ಯಾಯ.

ಹಕ್ಕುಪುಟವನ್ನು ಎಲ್ಲಕ್ಕಿಂತ ನಿಧಾನವಾಗಿ ಓದಿ. ಪ್ರಥಮ ಮುದ್ರಣದ ವರ್ಷ, ಐ.ಎಸ್.ಬಿ.ಎನ್., ಹಕ್ಕುದಾರರ ಹೆಸರು, ಬೆಲೆ, ಪುಟಗಳ ಸಂಖ್ಯೆ, ಬಳಸಿದ ಕಾಗದ, ಪ್ರತಿಗಳ ಸಂಖ್ಯೆ ಇವೆಲ್ಲ ಅಲ್ಲಿರುತ್ತವೆ. ಮೊದಲು ಪ್ರಕಟಿಸಿದ ಪತ್ರಿಕೆಗಳ ಸಂಪಾದಕರಿಗೆ ಕೃತಜ್ಞತೆಯ ಸಾಲೊಂದು ಅರಿಕೆಯಲ್ಲಿರಲಿ.

ಪುಸ್ತಕ ಬಂದ ಮೇಲೆ

ಬಿಡುಗಡೆ ಸಮಾರಂಭಕ್ಕೆ ಖರ್ಚು ಮಾಡುವ ಹಣದ ಅರ್ಧವನ್ನಾದರೂ ಪುಸ್ತಕವನ್ನು ಓದುವವರಿಗೆ ತಲುಪಿಸಲು ಮೀಸಲಿಡಿ. ಪತ್ರಿಕೆಗಳ ವಿಮರ್ಶಾ ವಿಭಾಗಗಳಿಗೆ ಅವು ಕೇಳುವಷ್ಟು ಪ್ರತಿಗಳನ್ನು, ನಿಮ್ಮ ಕಥೆಗಳನ್ನು ಓದಿ ಪತ್ರ ಬರೆದವರಿಗೆ ಒಂದೊಂದು ಪ್ರತಿಯನ್ನು ಕಳಿಸಿ. ಊರಿನ ಕಾಲೇಜಿನ ಕನ್ನಡ ವಿಭಾಗದಲ್ಲಿ ಒಂದು ಕಥೆಯ ಓದು ಏರ್ಪಡಿಸಿ. ಅಲ್ಲಿ ಇಪ್ಪತ್ತು ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು ವೇದಿಕೆಯ ಮೇಲಿನ ಹೊಗಳಿಕೆಗಿಂತ ನಿಮ್ಮ ಮುಂದಿನ ಕಥೆಗೆ ಹೆಚ್ಚು ನೆರವಾಗುತ್ತವೆ. ಹೊರದೇಶದಲ್ಲಿರುವವರು ಅಮೆರಿಕದ ಕನ್ನಡ ಸಾಹಿತ್ಯ ರಂಗದಂಥ ಸಂಘಟನೆಗಳನ್ನೂ ಸಂಪರ್ಕಿಸಬಹುದು.

ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನ, ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಪ್ರಶಸ್ತಿಗಳು, ಲೇಖಕಿಯರಾದರೆ ಕರ್ನಾಟಕ ಲೇಖಕಿಯರ ಸಂಘದ ದತ್ತಿ ಬಹುಮಾನಗಳು, ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಇವುಗಳಿಗೆ ಪ್ರಕಟಣೆ ಹೊರಟಾಗ ಪುಸ್ತಕ ಸಲ್ಲಿಸಬೇಕು. 35 ವರ್ಷ ಮೀರದವರ ಪುಸ್ತಕಗಳನ್ನು ಕೇಂದ್ರ ಸಾಹಿತ್ಯ ಅಕಾಡೆಮಿ 2011ರಿಂದ ಕೊಡುತ್ತಿರುವ ಯುವ ಪುರಸ್ಕಾರಕ್ಕೂ ಪರಿಗಣಿಸಲಾಗುತ್ತದೆ. ಇವುಗಳಲ್ಲಿ ಹಲವು ಪ್ರಥಮ ಮುದ್ರಣದ ವರ್ಷವನ್ನು ಆಧರಿಸಿ ಅರ್ಹತೆ ನೋಡುವುದರಿಂದ ಹಕ್ಕುಪುಟದಲ್ಲಿ ವರ್ಷ ತಪ್ಪಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಸಗಟು ಖರೀದಿಗೆ ಸಾಮಾನ್ಯವಾಗಿ ಪ್ರಕಾಶಕರೇ ಅರ್ಜಿ ಹಾಕುತ್ತಾರೆ. ಹಾಕಿದ್ದಾರೆಯೇ ಎಂದು ಕೊನೆಯ ದಿನಾಂಕಕ್ಕೆ ಒಂದು ವಾರ ಮುಂಚೆ ವಿಚಾರಿಸಿಕೊಳ್ಳಿ. ಅಚ್ಚಿಗೆ ಹೋದ ಅಂತಿಮ ಕಡತವನ್ನು, ಅದರ ಯೂನಿಕೋಡ್ ಪ್ರತಿಯ ಸಮೇತ, ಪ್ರಕಾಶಕರಿಂದ ಕೇಳಿ ಪಡೆದು ಎರಡು ಕಡೆ ಉಳಿಸಿಡಿ. ಮರುಮುದ್ರಣಕ್ಕೂ ಇ-ಪುಸ್ತಕಕ್ಕೂ ಅನುವಾದಕರಿಗೂ ಮುಂದೆ ಬೇಕಾಗುವುದು ಅದೇ ಕಡತ.